ಕೆಡ್ಡಸದಲ್ಲಿ ಕೂಗಿದ ಯಂತ್ರ

ಮೊನ್ನೆ ಮಂಗಳೂರಿನ ಮಾಲೊಂದರ ಬಾಗಿಲಲ್ಲಿ ನನ್ನ ಕೈಚೀಲ ಕುಂಯ್ ಎಂದು ಕೂಗಿತು. ಕಾವಲಿಗಿದ್ದ ಹೆಂಗಸು ಒಳಗಿದ್ದದ್ದನ್ನೆಲ್ಲ ಮೇಜಿನ ಮೇಲಿಡಲು ಹೇಳಿದಳು. ಇಟ್ಟೆ. ಮನೆಯ ಬೀಗದ ಕೈ, ಬೀಗವೇ ಕಳೆದುಹೋದ ಇನ್ನೊಂದು ಬೀಗದ ಕೈ, ಸೇಫ್ಟಿ ಪಿನ್ನುಗಳ ಗೊಂಚಲು, ಬಸ್ಸಿನಲ್ಲಿ ಹೊಟ್ಟೆ ತೊಳಸಿದರೆ ಇರಲಿ ಎಂದು ಶುಂಠಿ ಮಿಠಾಯಿ ತುಂಬಿದ ತಗಡಿನ ಡಬ್ಬಿ. ಹಿಂದೆ ನಿಂತವರು ನನ್ನ ಸಂಸಾರವನ್ನೆಲ್ಲ ನೋಡಿ ಮುಗಿಸಿದರು. ನಾಚಿಕೆಯಾಗಬೇಕಾಗಿತ್ತು, ಆದರೆ ನನಗೆ ನಗು ಬಂತು. ಆ ಸದ್ದು ಕೇಳಿದರೆ ನನಗೆ ಸಂಜೀವ ಮಾವನ ನೆನಪಾಗುತ್ತದೆ.

ಸಂಜೀವ ಮಾವ ಎಂದರೆ ಅಮ್ಮನ ತಮ್ಮ. ಎಂಟನೆಯ ಕ್ಲಾಸಿನಲ್ಲಿ ಫೇಲಾಗಿ, ರಿಸಲ್ಟು ಮನೆಗೆ ತಲುಪುವ ಮೊದಲೇ ಮುಂಬಯಿಗೆ ಓಡಿಹೋದವರು. ಅಲ್ಲಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಮಸ್ಕತ್ತಿಗೆ ಹಾರಿ, ಕೊನೆಗೆ ಊರಿಗೆ ಬಂದು ತೋಡಾರಿನಲ್ಲಿ ಟೈಲ್ಸು ಹಾಕಿದ ಮನೆ ಕಟ್ಟಿಸಿದರು. ಎಲ್ಲ ಇತ್ತು, ಒಂದು ದೂರು ಮಾತ್ರ ಹೋಗಲಿಲ್ಲ. ಮೀನು ಸಾರು ಉಣ್ಣುವಾಗಲೂ ಹೇಳುತ್ತಿದ್ದರು: "ನಾನು ಓಡಿಹೋದಾಗ ಈ ಮನೆಯಲ್ಲಿ ಒಬ್ಬರಾದ್ರೂ ಹುಡುಕಿದ್ರಾ? ಒಂದು ಕರು ತಪ್ಪಿಸಿಕೊಂಡ್ರೆ ಇದಕ್ಕಿಂತ ಹೆಚ್ಚು ಹುಡುಕ್ತಾರೆ." ಆ ಮಾತು ಬಂದಾಗಲೆಲ್ಲ ಅಮ್ಮ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು. ಅವಳಿಗೆ ತಮಾಷೆ ಹಿಡಿಸುವುದಿಲ್ಲ ಎಂದು ನಾನು ತಿಳಿದಿದ್ದೆ.

ನಮ್ಮ ಮನೆಮಾತು ತುಳು. ಇಲ್ಲಿ ಅಮ್ಮ, ಮಾವ ಇಬ್ಬರ ಬಾಯಿಗೂ ಕನ್ನಡ ಹಾಕಿದ್ದೇನೆ. ಮಾವ ಇದನ್ನು ಕೇಳಿದ್ದರೆ, "ನಾನು ಯಾವಾಗ ಇಷ್ಟು ಮರ್ಯಾದೆಯಲ್ಲಿ ಮಾತಾಡಿದ್ದು?" ಎನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅವರು ಮಸ್ಕತ್ತಿನ ಗೆಳೆಯನಿಂದ ಲೋಹ ಹುಡುಕುವ ಯಂತ್ರವೊಂದನ್ನು ತರಿಸಿದರು. ಉದ್ದ ಕೋಲು, ಕೆಳಗೆ ದೋಸೆ ಕಾವಲಿಯಂಥ ಒಂದು ತಟ್ಟೆ, ಕಿವಿಗೆ ಎರಡು ಬಿಲ್ಲೆ. ಅದನ್ನು ಹಿಡಿದು ಸಿದ್ಧಕಟ್ಟೆಯ ನಮ್ಮ ಗದ್ದೆಗೆ, ಅಂದರೆ ಅವರೂ ಅಮ್ಮನೂ ಹುಟ್ಟಿ ಬೆಳೆದ ಮನೆಯ ಗದ್ದೆಗೆ, ಇಳಿದರು. ಅಳದಂಗಡಿಯ ಅರಸರ ಕಾಲದಲ್ಲಿ ಮೂಡುಬಿದಿರೆಗೆ ಹೋಗುವ ದಾರಿ ನಮ್ಮ ಗದ್ದೆಯ ಮೇಲೇ ಇತ್ತಂತೆ; ಯಾರದ್ದಾದರೂ ಬಂಗಾರದ ನಾಣ್ಯದ ಗಂಟು ಬಿದ್ದಿರಲೇಬೇಕಂತೆ. ದಾರಿಯ ವಿಷಯ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಇತಿಹಾಸದ ಟೀಚರು, ನನ್ನನ್ನು ಮಾತ್ರ ಕೇಳಲಿಲ್ಲ.

"ಇಡೀ ಆಯುಷ್ಯ ಬೇರೆಯವರ ನೆಲದಲ್ಲಿ ದುಡಿದೆ. ನನ್ನ ಊರಿನ ಮಣ್ಣು ನನಗೆ ಅಂತ ಏನಾದ್ರೂ ಇಟ್ಟಿರಬೇಕಲ್ಲ" ಎಂದರು. ನಗುತ್ತಲೇ ಹೇಳಿದರು. ಆದರೆ ಆ ಮಾತಿನಲ್ಲಿ ನಗು ಇರಲಿಲ್ಲ.

ಮಣ್ಣು ಕೊಟ್ಟಿತು. ಎತ್ತಿನ ಲಾಳ, ಟಿಲ್ಲರಿನ ನಟ್ಟು, ಸೋಡಾ ಬಾಟಲಿಯ ಮುಚ್ಚಳಗಳು. ಒಮ್ಮೆ ನನ್ನದೇ ಚಿಕ್ಕಂದಿನ ಕಾಲುಗೆಜ್ಜೆಯ ಒಂದು ತುಂಡು ಸಿಕ್ಕಿತು. ಅದಕ್ಕಾಗಿ ಅಂದು ಬಿದ್ದ ಪೆಟ್ಟನ್ನು ಹಿಂದಕ್ಕೆ ಕೊಡುತ್ತೀಯಾ ಎಂದು ಅಮ್ಮನನ್ನು ಕೇಳಿದೆ. ಇನ್ನೊಂದು ಬೀಳುವ ಸಾಧ್ಯತೆ ಕಂಡು ಸುಮ್ಮನಾದೆ.

ಹೀಗಿರುವಾಗ ಒಂದು ಬೆಳಿಗ್ಗೆ ಗದ್ದೆಯ ಮೂಲೆಯಲ್ಲಿ, ಕಟ್ಟಹುಣಿ ಎನ್ನುವ ದೊಡ್ಡ ಬದುವಿನ ಬುಡದಲ್ಲಿ, ಯಂತ್ರ ಹುಚ್ಚು ಹಿಡಿದಂತೆ ಕೂಗಿತು. ಮಾವ ಹಾರೆ ಎತ್ತಿದರು. ಅಂಗಳದಿಂದ ಅಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಏಯ್ ಸಂಜೀವ! ಹಾರೆ ಕೆಳಗಿಡು! ಇವತ್ತು ಎಂತ ಅಂತ ಗೊತ್ತುಂಟಾ?"

ಕೆಡ್ಡಸದ ಮೊದಲ ದಿನ. ಮೂರು ದಿನ ಭೂಮಿ ಮುಟ್ಟಾಗಿರುತ್ತಾಳೆ. ಅಗೆಯಬಾರದು, ಉಳಬಾರದು, ಹಸಿರು ಕಡಿಯಬಾರದು. ಅವಳಿಗೆ ವಿಶ್ರಾಂತಿ, ನಮಗೆ ಹುರಿದ ಅಕ್ಕಿಪುಡಿಗೆ ಬೆಲ್ಲ, ಕಾಯಿ ಬೆರೆಸಿದ ನನ್ನೆರಿ. ಮಸ್ಕತ್ತಿನ ಕ್ಯಾಲೆಂಡರಿನಲ್ಲಿ ಕೆಡ್ಡಸ ಇಲ್ಲದ ಕಾರಣ ಮಾವನಿಗೆ ಅದು ಮರೆತೇಹೋಗಿತ್ತು. ಹಾರೆ ಕೆಳಗಿಟ್ಟರು, ಆದರೆ ಜಾಗ ಬಿಡಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಕೊಡೆ ಬಿಡಿಸಿ, ಅಲ್ಲೇ ಕೂತರು.

ಸುದ್ದಿಗೆ ನಮ್ಮಲ್ಲಿ ಬಸ್ಸು ಬೇಡ. ಮಧ್ಯಾಹ್ನದೊಳಗೆ ಜನ ಬಂದರು. ಒಬ್ಬರಿಗೆ ಕೊಪ್ಪರಿಗೆಯ ಮೇಲೆ ಕೂತ ನಾಗರಹಾವು ಕನಸಿನಲ್ಲಿ ಬಿದ್ದಿತ್ತಂತೆ. ಬಂಟ್ವಾಳದ ವಕೀಲರೊಬ್ಬರು ನನ್ನೆರಿ ತಿನ್ನುತ್ತ, ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಲೇಬೇಕು ಎಂದು ಹೇಳಿ ಎಲ್ಲರ ಬಾಯಿ ಕಹಿ ಮಾಡಿದರು. ಅಮ್ಮ ಮಾತ್ರ ಹೊತ್ತುಹೊತ್ತಿಗೆ ಚಾ ತಂದುಕೊಟ್ಟು, ಕುರ್ಚಿಯ ಪಕ್ಕ ಸ್ವಲ್ಪ ನಿಂತು, ಏನೋ ಹೇಳಲು ಹೊರಟವಳಂತೆ ನೋಡಿ ವಾಪಸು ಬರುತ್ತಿದ್ದಳು.

ಕೊನೆಯ ದಿನ ಭೂಮಿಗೆ ಎಣ್ಣೆ ಬಿಡುವ ಕ್ರಮ. ಹೆಚ್ಚಿನ ಮನೆಗಳಲ್ಲಿ ಅದು ಅಂಗಳದಲ್ಲಿ ನಡೆಯುತ್ತದೆ, ನಮ್ಮಲ್ಲಿ ಗದ್ದೆಯ ಮೂಲೆಯಲ್ಲಿ. ಅಂದರೆ ಮಾವ ಕೂತಲ್ಲೇ. ಅಮ್ಮ ಅರಸಿನ, ಕುಂಕುಮ, ಸೀಗೆಪುಡಿ ಇಟ್ಟು ಎಣ್ಣೆ ಹೊಯ್ದಳು. ಮಾವ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಅವಳಿಗೆ ಜಾಗ ಮಾಡಿಕೊಟ್ಟರು.

"ನಾಳೆ ಅಗೆಯಲೇಬೇಕಾ?" ಎಂದು ಕೇಳಿದಳು.

"ಇದೆಂತ ಕೇಳ್ತಿ ಅಕ್ಕ? ಮೂರು ದಿನ ಬಿಸಿಲಲ್ಲಿ ಒಣಗಿದ್ದು ಎಂತಕ್ಕೆ?"

"ಹಾಗಾದ್ರೆ ಅಗೆ" ಎಂದಳು.

ಮರುದಿನ ಅಗೆದರು. ಹಸಿರುಗಟ್ಟಿದ ಒಂದು ಮುದ್ದೆ ಬಂತು. ಮಾವ ಅದನ್ನು ತೊಳೆದರು. ಒಟ್ಟೆ ಮುಕ್ಕಾಲುಗಳು! ನಡುವೆ ತೂತಿರುವ, ಬ್ರಿಟಿಷರ ಕಾಲದ ಹಳೆಯ ಕಾಸು. ನಮ್ಮ ಕಡೆ ಒಬ್ಬನನ್ನು ಕೆಲಸಕ್ಕೆ ಬಾರದವನೆಂದು ಬೈಯಲು ಅದರ ಹೆಸರನ್ನೇ ಹೇಳುತ್ತಾರೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ನಗುತ್ತ ಜನ ಚದುರಿದರು. ವಕೀಲರು, ಇದಕ್ಕೆ ಸರಕಾರದ ತಕರಾರು ಇರಲಿಕ್ಕಿಲ್ಲ ಎಂದು ಸಮಾಧಾನ ಹೇಳಿ ಹೋದರು. ಮಾವ ಒದ್ದೆ ಕಾಸುಗಳನ್ನು ಅಂಗೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕುಸಿದರು. ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಆಗ ಅಮ್ಮ ಹೇಳಿದಳು, "ಅದು ನಾನು ಹಾಕಿದ್ದು."

"ನೀನಾ? ಯಾವಾಗ?"

"ನೀನು ಓಡಿಹೋದ ಮೇಲೆ. ಪ್ರತಿ ಕೆಡ್ಡಸಕ್ಕೆ ಎಣ್ಣೆ ಬಿಡುವಾಗ ಒಂದೊಂದು. ತಮ್ಮ ಜೀವದಲ್ಲಿ ವಾಪಸು ಬರಲಿ ಅಂತ. ಅಗೆಯಬಾರದಲ್ಲ, ಅದಕ್ಕೆ ಇಲ್ಲಿ ಏಡಿ ಕೊರೆದ ಮಾಟೆಯೊಳಗೆ ಹಾಕ್ತಾ ಇದ್ದೆ. ನೀನು ಮೊದಲ ಸಲ ಊರಿಗೆ ಬಂದ ವರ್ಷ ನಿಲ್ಲಿಸಿದೆ."

ಮಾವ ಅಂಗೈಯ ಕಾಸುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಅವರಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು, ಜಗಳದ್ದು.

"ಆ ಕಾಲಕ್ಕೆ ಒಟ್ಟೆ ಮುಕ್ಕಾಲು ಯಾವ ಅಂಗಡಿಯಲ್ಲೂ ನಡೀತಿರಲಿಲ್ಲ. ನಡೆಯದ ಕಾಸನ್ನು ಭೂಮಿಗೆ ಕೊಟ್ಟು ಮೋಸ ಮಾಡಿದ್ದಾ ಮಾರಾಯ್ತಿ?"

"ನನ್ನ ಹತ್ತಿರ ಬೇರೆ ಎಂತ ಇತ್ತು? ಅಜ್ಜಿಯ ವೀಳ್ಯದ ಪೆಟ್ಟಿಗೆಯಲ್ಲಿ ಇದ್ದದ್ದೇ ಅದು. ನೀನು ಬಂದೆ ಅಲ್ವಾ? ನಡೀತು ಅಲ್ವಾ?"

ಮಾವನ ಕಣ್ಣು ತುಂಬಿತು. ನನ್ನದೂ. ಹರಕೆಗೆ ಹಾಕಿದ್ದನ್ನು ಹಿಂದೆ ತೆಗೆದುಕೊಳ್ಳುವ ಕ್ರಮ ಇಲ್ಲ ಎಂದು ಅವರೇ ಹೇಳಿ, ಎಲ್ಲವನ್ನೂ ಗುಂಡಿಗೆ ಹಾಕಿದರು. ಕೊನೆಗೆ ಕಿಸೆ ತಡಕಿ ಮಸ್ಕತ್ತಿನ ಒಂದು ನಾಣ್ಯವನ್ನೂ ಸೇರಿಸಿದರು.

"ಇದು ಎಂತಕ್ಕೆ?"

"ನಿನಗಿಂತ ಮೊದಲು ನಾನು ಹೋಗಬೇಕು ಅಂತ. ಈ ಸಲ ನಾನು ಹೋದ್ರೆ ಅಳ್ಲಿಕ್ಕೆ ಜನ ಉಂಟಂತ ಗೊತ್ತಾಯ್ತಲ್ಲ."

"ಬಾಯಿ ಮುಚ್ಚು" ಎಂದು ಅಮ್ಮ ಬೆನ್ನಿಗೆ ಗುದ್ದಿದಳು. ಮಾವ ಮಣ್ಣು ಎಳೆದು ಕಾಲಿನಲ್ಲಿ ಮೆಟ್ಟಿ ಗಟ್ಟಿ ಮಾಡಿದರು. ಆಮೇಲೆ ಯಾರೂ ಅವರ ಬಾಯಲ್ಲಿ ಆ ದೂರು ಕೇಳಲಿಲ್ಲ.

ಹೋದ ಮಳೆಗಾಲದ ಆಟಿ ತಿಂಗಳಲ್ಲಿ ಮಾವ ತೀರಿಕೊಂಡರು. ಚಾ ಕುಡಿದು ಲೋಟ ಕೆಳಗಿಟ್ಟವರು ಮತ್ತೆ ಏಳಲಿಲ್ಲ.

ಮಾಲಿಗೆ ಹೋಗಿ ಬಂದ ವಾರವೇ ಈ ಸಲದ ಕೆಡ್ಡಸ. ನಾನು ಮೂಡುಬಿದಿರೆಯಿಂದ ಸಿದ್ಧಕಟ್ಟೆಗೆ ಹೋಗುತ್ತಿದ್ದದ್ದು ಇಷ್ಟು ವರ್ಷವೂ ನನ್ನೆರಿಗೆ. ಎಣ್ಣೆ ಬಿಡುವುದನ್ನು ದೂರದಿಂದ ನೋಡಿ ಫೋಟೊ ತೆಗೆಯುತ್ತಿದ್ದೆ, ಅಷ್ಟೇ. ಈ ಸಲ ಅಮ್ಮನ ಕೈ ಹಿಡಿದು ಗದ್ದೆಯ ಮೂಲೆಗೆ ಕರೆದುಕೊಂಡು ಹೋದೆ. ಅವಳು ಅರಸಿನ ಇಟ್ಟಳು, ಕುಂಕುಮ ಇಟ್ಟಳು, ಗಿಂಡಿ ಬಗ್ಗಿಸಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಆ ಮಸ್ಕತ್ತಿನ ಕಾಸು ಹಾಕುವಾಗ ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ ಅವನು" ಎಂದಳು. ಸಿಟ್ಟು ಬಂದಿತ್ತು ಅವಳಿಗೆ. "ಕೇಳಿದ್ರೆ ನಾನು ಒಪ್ತಿದ್ದೆನಾ?"

ನಾನು ಅವಳ ಕೈಯಿಂದ ಗಿಂಡಿ ತೆಗೆದುಕೊಂಡು ಉಳಿದ ಎಣ್ಣೆಯನ್ನು ಹೊಯ್ದೆ.