ಕೆಂಪು ಕಾಯುವ ಮೇಸ್ತ್ರಿ

ನಾವು ಬೆರಿ ಹಣ್ಣು ಒಣಗಿಸುವ ಕಾರ್ಖಾನೆಯ ಮೇಸ್ತ್ರಿ ದಿನಕ್ಕೆ ಹತ್ತು ಸಲವಾದರೂ ಎದೆಗೆ ಕೈಯಿಟ್ಟುಕೊಂಡು "ಅಯ್ಯಯ್ಯೋ, ಕೊಲೆ!" ಎಂದು ಕೂಗುತ್ತಾರೆ. ಸತ್ತಿರುವುದು ಹಣ್ಣು, ಅಷ್ಟೆ. ಒಣಗಿಸುವ ಯಂತ್ರದ ಬಿಸಿ ಒಂದು ಗೆರೆ ಹೆಚ್ಚಾದರೂ ಅವರ ಜೀವ ಬಾಯಿಗೆ ಬರುತ್ತದೆ. "ಮೇಲೆಲ್ಲ ತೊಗಲಾಯ್ತು, ಒಳಗೆ ಹಸಿ ಹಾಗೇ ಉಳೀತು, ಇದ್ದ ಸತ್ವಾನೂ ಗಾಳಿಗೆ ಹೋಯ್ತಲ್ರೀ!" ಯಾರಾದರೂ ತಟ್ಟೆಯನ್ನು ಬಿಸಿಲಿಗಿಟ್ಟರಂತೂ, ಹೆತ್ತ ಮಗುವನ್ನು ನಡುರಸ್ತೆಯಲ್ಲಿ ಬಿಟ್ಟವರನ್ನು ನೋಡುವಂತೆ ನೋಡುತ್ತಾರೆ. ಒಣಗಿದ ಹಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಉಳಿದಿದ್ದರೆ ಮಾತ್ರ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಪ್ಪಾಗಿದ್ದರೆ ತಟ್ಟೆಗೆ ತಟ್ಟೆಯೇ ತಿಪ್ಪೆಗೆ. ಅಂಥದ್ದೊಂದು ತಟ್ಟೆ ನೋಡಿ "ಪರವಾಗಿಲ್ಲ ಬಿಡಿ" ಎಂದ ಮಾಲೀಕರ ಜೊತೆ ಮೂರು ದಿನ ಮಾತು ಬಿಟ್ಟಿದ್ದರು. ಇಂಥವರ ಮನೆಗೆ ಮೊನ್ನೆ ಹೋದಾಗ ನನ್ನ ಎದೆಯೇ ಧಸಕ್ಕೆಂದಿತು. ಮಗನಿಗೆಂದು ಅವರ ತಾಯಿ ತಗಡಿನ ಮಾಡಿನ ಮೇಲೆ, ಸುಡುಬಿಸಿಲಿನಲ್ಲಿ, ವಾರವಿಡೀ ಹಣ್ಣು ಒಣಗಿಸಿದ್ದರು. ಬಟ್ಟಲು ತುಂಬ ಇದ್ದಿಲು! ಈಗ ಮನೆಯ ಮಾಡು ಹಾರುತ್ತದೆ ಎಂದುಕೊಂಡೆ. ಮೇಸ್ತ್ರಿಯ ಕೈ ಎದೆಯವರೆಗೆ ಹೋಯಿತು. ಅಷ್ಟರಲ್ಲಿ ತಾಯಿ ಮಂಜುಗಟ್ಟಿದ ಕಣ್ಣು ಕಿರಿದು ಮಾಡಿ, ನನ್ನನ್ನೇ ಮಗನೆಂದುಕೊಂಡು, ಬಟ್ಟಲನ್ನು ನನ್ನ ಕೈಗಿಟ್ಟು, "ತಗೋ ಮಗಾ, ಕೆಂಪು ಒಂಚೂರೂ ಹೋಗಿಲ್ಲ ಅಲ್ವೇನೋ?" ಎಂದರು. ಮೇಸ್ತ್ರಿಯ ಕೈ ಮೆಲ್ಲಗೆ ಕೆಳಗಿಳಿಯಿತು. ಅವರು ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡರು, ಕಿಟಕಿಗೆ ಬೆನ್ನು ಮಾಡಿ ಕುಳಿತು, ಒಂದೂ ಬಿಡದೆ ಎಲ್ಲವನ್ನೂ ಅಗಿದು ನುಂಗಿದರು. "ಈಗ ತಾನೇ ಗಿಡದಿಂದ ಕಿತ್ತ ಹಾಗಿದೆ, ಅಮ್ಮಾ."