ಎಳೆದು ತಂದ ಫೈಲು

ನನ್ನದು ಹುಟ್ಟಾ ಅನುಮಾನದ ಸ್ವಭಾವ. ಅಂಗಡಿಯವನು ತೂಕ ಹಾಕುವಾಗ ಎಲ್ಲರೂ ತಕ್ಕಡಿ ನೋಡಿದರೆ ನಾನು ಅವನ ಹೆಬ್ಬೆರಳು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ನಿದ್ದೆ ಹೋದರೆ, ನಿಜವಾಗಿ ಹೋದರೋ ಇಲ್ಲವೋ ಎಂದು ಎರಡು ಸಲ ನೋಡಿ ಆಮೇಲೆ ನಾನು ಕಣ್ಣು ಮುಚ್ಚುವುದು. ಇಂಥವನನ್ನು ಶಾಲೆಯ ಗುಮಾಸ್ತನನ್ನಾಗಿ ಮಾಡಿ, ಎದುರಿಗೆ ಇನ್ನೊಬ್ಬರನ್ನು ಕೂರಿಸಿ, ಇಬ್ಬರ ಕಂಪ್ಯೂಟರಿಗೂ ನಡುವೆ ಒಂದು ವೈರು ಎಳೆದರೆ ಏನಾಗಬೇಕೋ ಅದೇ ಆಯಿತು.

ಮನೆ ಶಿಕಾರಿಪುರ, ಕೆಲಸ ಸೊರಬದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ. ಆಫೀಸಿನಲ್ಲಿ ಇಬ್ಬರೇ: ನಾನು, ಮತ್ತು ಉಳವಿ ಕಡೆಯಿಂದ ಬರುವ ಒಬ್ಬ ಹೆಣ್ಣುಮಗಳು. ಆಕೆಯದು ಹಂಗಾಮಿ ಕೆಲಸ. ನಾಲ್ಕು ವರ್ಷದಿಂದ ಹಾಗೇ ದೂಡುತ್ತಿದ್ದಳು. ಆ ವರ್ಷ ಆಡಳಿತ ಮಂಡಳಿ ಕಾಯಂ ಮಾಡುತ್ತದೆ ಎಂಬ ಮಾತಿತ್ತು. ಪ್ರಿಂಟರು ಇದ್ದದ್ದು ಆಕೆಯ ಕಂಪ್ಯೂಟರಿಗೆ. ಅದಕ್ಕೇ ಆ ಕಂಪ್ಯೂಟರಿನಲ್ಲಿ ಇಬ್ಬರಿಗೂ ಕಾಣುವಂಥ ಒಂದು ಫೋಲ್ಡರು ಮಾಡಿಕೊಟ್ಟಿದ್ದರು. ನಾನು ನನ್ನ ಮೇಜಿನಲ್ಲಿ ಟೈಪು ಮಾಡಿದ್ದನ್ನು ಅದರೊಳಗೆ ಸೇವ್ ಮಾಡಬೇಕು, ಅಲ್ಲಿಂದ ಪ್ರಿಂಟು ತೆಗೆಯಬೇಕು.

ಈ ಏರ್ಪಾಡು ನನಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ನನ್ನ ಮೇಜಿನ ಡ್ರಾಯರಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವವನು ನಾನು. ಇಲ್ಲಿ ಮಾತ್ರ ನನ್ನ ಕಾಗದಪತ್ರವೆಲ್ಲ ಬಾಗಿಲಿಲ್ಲದ ಕೋಣೆಯಲ್ಲಿ ಬಿದ್ದಿರಬೇಕು.

ಒಂದು ದಿನ ಆ ಫೋಲ್ಡರಿನಲ್ಲಿ ನಾನು ಟೈಪು ಮಾಡಿಟ್ಟಿದ್ದ ಹತ್ತನೇ ತರಗತಿಯ ಪಟ್ಟಿ ತೆರೆಯಲು ಹೋದೆ. ಮಕ್ಕಳ ಹೆಸರು, ತಂದೆತಾಯಿಯ ಹೆಸರು, ಹುಟ್ಟಿದ ತಾರೀಖು ಇರುವ ಪಟ್ಟಿ. ಪರೀಕ್ಷೆಗೆ ಹೆಸರು ನೋಂದಾಯಿಸಲು ಪರೀಕ್ಷಾ ಮಂಡಳಿಗೆ ಹೋಗುವಂಥದ್ದು. ಈ ಫೈಲನ್ನು ಬೇರೆಯವರು ಬಳಸುತ್ತಿದ್ದಾರೆ ಎಂದು ಕಂಪ್ಯೂಟರು ಹೇಳಿತು. ಬೇರೆಯವರು ಎಂದರೆ ಇನ್ಯಾರು? ತಲೆ ಎತ್ತಿ ನೋಡಿದೆ. ಆಕೆ ಮೌಸ್ ಹಿಡಿದು ಏನೂ ಅರಿಯದವಳಂತೆ ಕೂತಿದ್ದಳು. ಅದು ಹದಿಮೂರನೇ ತಾರೀಖು. ಜೇಬಿನಲ್ಲಿದ್ದ ಚೀಟಿಯ ಹಿಂದೆ ಗುರುತು ಹಾಕಿಕೊಂಡೆ.

ಸಂಜೆ ಆಕೆ ಬಸ್ಸಿಗೆ ಹೋದ ಮೇಲೆ ನನ್ನ ಹಳೇ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿದೆ. ಏಳು ಮಕ್ಕಳ ಹುಟ್ಟಿದ ತಾರೀಖು ಬದಲಾಗಿತ್ತು. ನಾನು ಎಂಟು ಹಾಕಿದ್ದಲ್ಲಿ ಮೂರು, ಒಂದು ಹಾಕಿದ್ದಲ್ಲಿ ಏಳು. ಮೈ ಉರಿದುಹೋಯಿತು.

ನೇರವಾಗಿ ಕೇಳಬಹುದಿತ್ತು. ಕೇಳಿದರೆ ಎಚ್ಚೆತ್ತುಕೊಳ್ಳುತ್ತಾಳೆ ಎಂದು ಸುಮ್ಮನಾದೆ. ಆ ಏಳರಲ್ಲಿ ಇಬ್ಬರು ಉಳವಿಯ ಮಕ್ಕಳು. ನನಗೆ ಅಷ್ಟೇ ಸಾಕಾಯಿತು. ತನ್ನ ಊರಿನವರಿಗೆ ಬೇಕಾದಂತೆ ವಯಸ್ಸು ತಿದ್ದಿಕೊಡುತ್ತಿದ್ದಾಳೆ! ಮತ್ತೊಬ್ಬ ಚಂದ್ರಗುತ್ತಿಯ ಹುಡುಗ. ಅವನಿಗೂ ಈಕೆಗೂ ಏನು ನಂಟು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಮಧ್ಯಾಹ್ನ ಡಬ್ಬಿಯಿಂದ ಒಗ್ಗರಣೆ ಅವಲಕ್ಕಿ ಕೊಟ್ಟರೆ, ಇವತ್ತೇ ಯಾಕೆ ಕೊಟ್ಟಳು ಎಂದು ಯೋಚಿಸುತ್ತಲೇ ಎಲ್ಲ ತಿಂದೆ.

ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ದೂರು ಬರೆದೆ. ಚೀಟಿ ನೋಡಿಕೊಂಡು, ಇಂಥ ತಾರೀಖಿನಂದು ಸದರಿಯವರು ದಾಖಲೆ ತಿದ್ದುತ್ತಿದ್ದುದನ್ನು ನಾನು ಖುದ್ದಾಗಿ ಕಂಡಿರುತ್ತೇನೆ ಎಂದು ಸ್ಪಷ್ಟವಾಗಿ ಟೈಪು ಮಾಡಿದೆ. ಅಭ್ಯಾಸಬಲದಂತೆ ಆ ಫೋಲ್ಡರಿನಲ್ಲೇ ಸೇವ್ ಮಾಡಿ, ಆಕೆ ಕೈ ತೊಳೆಯಲು ಹೋದಾಗ ಪ್ರಿಂಟು ತೆಗೆದೆ. ಆಮೇಲೆ ನನ್ನ ಕುರ್ಚಿಗೆ ಬಂದು ಫೈಲನ್ನು ಮೌಸಿನಿಂದ ಹಿಡಿದು ನನ್ನ ಕಂಪ್ಯೂಟರಿಗೆ ಎಳೆದು ತಂದೆ. ಬಂತು. ಸಮಾಧಾನದಿಂದ ಎಲ್ಲ ಮುಚ್ಚಿಬಿಟ್ಟೆ.

ನನಗೆ ಗೊತ್ತಿದ್ದದ್ದು ಇಷ್ಟು: ನನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಎಳೆದರೆ ಫೈಲು ಅಲ್ಲಿಂದ ಎದ್ದು ಇಲ್ಲಿಗೆ ಬರುತ್ತದೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಎಳೆದರೆ ಬರುವುದು ನಕಲು ಮಾತ್ರ, ಅಸಲು ಅಲ್ಲೇ ಕೂತಿರುತ್ತದೆ ಎಂಬುದು ಗೊತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಶಿಕಾರಿಪುರದಲ್ಲಿ ಕಾರ್ಯದರ್ಶಿಯವರ ಮನೆಗೆ ಹೋದೆ. ಅಂಜನಾಪುರದ ಕಡೆ ಗದ್ದೆ ಇರುವ ಹಿರಿಯರು. ಓದಿ, ಕನ್ನಡಕ ತೆಗೆದರು.

“ಖಾತ್ರಿ ಐತೇನ್ರೀ? ಒಬ್ಬರ ಅನ್ನದ ವಿಷ್ಯ ಇದು.”

“ಕಣ್ಣಾರೆ ನೋಡೀನ್ರಿ,” ಎಂದೆ.

ಸೋಮವಾರ ಬೆಳಿಗ್ಗೆ ಫೋಲ್ಡರು ತೆರೆದರೆ ನನ್ನ ದೂರು ಅಲ್ಲೇ ಇತ್ತು.  ಮೇಲಾಗಿ, ಫೈಲಿನ ಹೆಸರಿನ ಪಕ್ಕದ ವೇಳೆ ನೋಡಿದರೆ, ಶನಿವಾರ ನಾನು ಹೊರಟ ಮೇಲೆ ಅದನ್ನು ಯಾರೋ ತಿದ್ದಿ ಇಟ್ಟಿದ್ದರು. ಸಿಕ್ಕಿಬಿದ್ದಳು ಎಂದುಕೊಂಡೇ ತೆರೆದೆ. ತನ್ನ ಹೆಸರು ತೆಗೆದಿರಬೇಕು, ಮಾತು ತಿರುಚಿರಬೇಕು. ನನ್ನ ಪ್ರತಿಯ ಜೊತೆ ಇಟ್ಟು ನೋಡಿದೆ. ನನ್ನ ಆರೋಪವೆಲ್ಲ ಹಾಗೇ ಇತ್ತು. ಬದಲಾಗಿದ್ದದ್ದು ಒಂದೇ ಒಂದು ಅಂಕಿ. ನಾನು 18 ಎಂದು ಹಾಕಿದ್ದೆ. ಅದು 13 ಆಗಿತ್ತು.

ಜೇಬಿನ ಚೀಟಿ ತೆಗೆದೆ. ಕಣ್ಣಿನ ಹತ್ತಿರ ಹಿಡಿದೆ, ದೂರ ಹಿಡಿದೆ. ಎಂಟೇ ಕಂಡಿತು. ಹಾಜರಿ ಪುಸ್ತಕ ತಿರುವಿದರೆ, ಹದಿನೆಂಟರಂದು ಆಕೆ ರಜೆ. ಶಾಲೆಗೇ ಬಂದಿರಲಿಲ್ಲ. ಆಕೆ ಅದನ್ನು ತಿದ್ದದೆ ಸುಮ್ಮನಿದ್ದಿದ್ದರೆ ಸಾಕಿತ್ತು; ನನ್ನ ದೂರು ತಾನಾಗಿ ಬಿದ್ದುಹೋಗುತ್ತಿತ್ತು.

ಅಷ್ಟರಲ್ಲಿ ಆಕೆ ಬಂದಳು. ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿದೆ.

“ಇದನ್ನ ನೀವು ನೋಡಿದ್ರೇನ್ರಿ?”

“ನೋಡ್ದೆ ಸರ್. ಅಲ್ಲೇ ಇತ್ತಲ್ಲ.”

“ತಾರೀಖು ಯಾಕೆ ತಿದ್ದಿದ್ರಿ?”

“ಹದಿನೆಂಟಕ್ಕೆ ನಾ ಬಂದಿರ್ಲಿಲ್ಲ ಸರ್. ನಾ ಪಟ್ಟಿ ತಿದ್ದಿದ್ದು ಹದಿಮೂರಕ್ಕೆ. ಸುಳ್ಳು ತಾರೀಖು ಹೋದ್ರೆ ಆಮೇಲೆ ನಿಮ್ಮನ್ನೇ ಹಿಡ್ಕೊಳ್ತಾರೆ.”

“ಮಕ್ಕಳ ತಾರೀಖು?”

“ಅಡ್ಮಿಷನ್ ರಿಜಿಸ್ಟರ್ ನೋಡಿ ಸರ್.”

ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಒಯ್ದೆ. ಫೋನಿನಲ್ಲಿ ಫೋಟೋ ತೆಗೆದು, ಬೆರಳಿನಿಂದ ದೊಡ್ಡದು ಮಾಡಿ ಒಂದೊಂದೇ ನೋಡಿದೆ. ಏಳಕ್ಕೆ ಏಳೂ ಆಕೆ ತಿದ್ದಿದಂತೆಯೇ ಇದ್ದವು. ಚಂದ್ರಗುತ್ತಿಯ ಹುಡುಗನದೂ. ನನ್ನ ಪಟ್ಟಿ ಹಾಗೇ ಹೋಗಿದ್ದರೆ ಆ ಮಕ್ಕಳು ಬದುಕಿಡೀ ತಪ್ಪು ತಾರೀಖು ಹೊತ್ತು ಆಫೀಸಿನಿಂದ ಆಫೀಸಿಗೆ ಅಲೆಯಬೇಕಿತ್ತು.

“ಒಂದು ಮಾತು ಹೇಳಬಾರ್ದಿತ್ತೇನ್ರಿ?” ಎಂದೆ.

“ಹೇಗೆ ಹೇಳೋದು ಸರ್? ನಿಮಗೆ ಕಣ್ಣು ಕಾಣಲ್ಲ ಅನ್ಬೇಕಿತ್ತು. ಎರಡು ವರ್ಷದಿಂದ ಹಿಂಗೇ ನಾನೇ ತಿದ್ದಿ ನಡ್ಸಿದ್ದೆ.” ಆಮೇಲೆ ಕೇಳಿದಳು, “ದೂರು ಕೊಟ್ಟಾಯ್ತಾ?”

“ಕೊಟ್ಟಾಯ್ತು.”

 ಆಕೆ ಬ್ಯಾಗು ಇಟ್ಟು ಕಂಪ್ಯೂಟರು ಹಾಕಿದಳು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ಅಷ್ಟು ನಾಚಿಕೆ ನಾನು ಯಾವತ್ತೂ ಪಟ್ಟಿರಲಿಲ್ಲ.

ಅವತ್ತೇ ಸಂಜೆ ಎರಡನೇ ಪತ್ರವನ್ನು ಕೈಯಲ್ಲೇ ಬರೆದು ಒಯ್ದೆ. ತಪ್ಪು ನನ್ನದು, ಕಣ್ಣಿನ ತೊಂದರೆಯನ್ನು ಮುಚ್ಚಿಟ್ಟವನೂ ನಾನೇ, ಆಕೆ ತಿದ್ದಿದ್ದೆಲ್ಲ ಸರಿಯಾಗಿದೆ ಎಂದು.

“ಇದನ್ನ ಇಟ್ಕಂಡ್ರೆ ನಿಮ್ಮ ಮೇಲೇ ಬರ್ತೈತ್ರೀ,” ಎಂದರು ಕಾರ್ಯದರ್ಶಿ.

“ಬರ್ಲಿ ಬಿಡ್ರಿ.”

ಬಂತು. ನನಗೊಂದು ನೋಟೀಸು ಕೊಟ್ಟರು. ಆಕೆಯನ್ನು ಕಾಯಂ ಮಾಡಿದರು. ನಾನು ಕಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಮೂರು ಮೂರಾಗಿಯೇ ಕಾಣುತ್ತದೆ. ಎದುರುಬದುರೇ ಕೂರುತ್ತೇವೆ, ಬಸ್ಸು ತಪ್ಪಿದ್ದು, ಮಳೆ ಬಂದದ್ದು ಎಲ್ಲ ಮಾತಾಡುತ್ತೇವೆ. ಆದರೆ ನಾನು ಹಾಕಿದ ಫೈಲನ್ನು ಆಕೆ ತೆರೆಯುವುದಿಲ್ಲ. ಪ್ರಿಂಟು ಬೇಕೆಂದರೆ ಎದ್ದು ಕುರ್ಚಿ ಬಿಟ್ಟುಕೊಡುತ್ತಾಳೆ.

ಕಳೆದ ತಿಂಗಳು ಬೇಕೆಂದೇ ಒಂದು ಪಟ್ಟಿಯಲ್ಲಿ ತಪ್ಪು ತಾರೀಖು ಹಾಕಿ ಆ ಫೋಲ್ಡರಿನಲ್ಲಿಟ್ಟೆ. ದಿನಾ ಬೆಳಿಗ್ಗೆ ಬಂದ ಕೂಡಲೇ ತೆರೆದು ನೋಡುತ್ತಿದ್ದೆ. ನಾಲ್ಕನೇ ದಿನವೂ ಹಾಕಿದ ಹಾಗೇ ಇತ್ತು. ನಾನೇ ತಿದ್ದಿ, ಪ್ರಿಂಟು ತೆಗೆದೆ.