ಅಕ್ಕೋರ ಕೂಗು, ಕಂಬಳಿಯೊಳಗಿನ ಕೋವಿ

ಕೂ ಹಾಕುವಾಗ ಅಕ್ಕೋರ ಕುತ್ತಿಗೆಯ ಎಡಗಡೆ ಒಂದು ನರ ಬೆರಳು ದಪ್ಪ ಉಬ್ಬುತ್ತಿತ್ತು. ಎರಡೂ ಕೈ ಬಾಯಿಯ ಸುತ್ತ ಹಿಡಿದರೆ ಹಸಿರು ಗಾಜಿನ ಬಳೆಗಳು ಜಾರಿ ಮೊಣಕೈ ಹತ್ತಿರ ಬಂದು ನಿಲ್ಲುತ್ತಿದ್ದವು. ಕಡ್ಡಿಯಂಥ ಹೆಂಗಸು, ಜೋರಾಗಿ ಗಾಳಿ ಬೀಸಿದರೆ ಸೆರಗು ಹಿಡಿದು ನಿಲ್ಲಬೇಕು. ಕೂಗು ಮಾತ್ರ ಗುಡ್ಡದಾಚೆ ಮುಟ್ಟುತ್ತಿತ್ತು. ಕೂಗಿ ಆದಮೇಲೆ ತಲೆ ಓರೆ ಮಾಡಿ ಕೇಳುವರು. ಆ ಕಡೆಯಿಂದ ಯಾರಾದರೂ ಮರಳಿ ಕೂ ಎಂದರೆ, "ಹಾಂ, ಮನಷ್ಯಾ ಅದಾನ. ನಡಿ ತಂಗಿ" ಎನ್ನುವರು. ಏನೂ ಕೇಳದಿದ್ದರೆ ಇನ್ನೊಂದು ಸಲ ಕೂಗದೆ ಹೆಜ್ಜೆ ಎತ್ತುತ್ತಿರಲಿಲ್ಲ.

ನಿಲ್ಕುಂದದ ಆಚೆ ನಮ್ಮದು ಇಬ್ಬರೇ ಕಲಿಸುವ ಶಾಲೆ. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಾಗಾಗಿ ಅವರು ದೊಡ್ಡ ಅಕ್ಕೋರು, ನಾನು ಸಣ್ಣಕ್ಕೋರು. ಅವರು ಬನವಾಸಿ ಕಡೆಯ ಬಯಲಿನವರು. ನಮ್ಮೂರಿನಲ್ಲೇ ಬಾಡಿಗೆಗೆ ಒಂದು ಕೋಣೆ ಹಿಡಿದು, ನನ್ನ ಜೊತೆ ಕಾಡುದಾರಿಯಲ್ಲಿ ದಿನಾ ಶಾಲೆಗೆ ನಡೆಯುತ್ತಿದ್ದರು. ನಾನು "ಎಂತದು ಅಕ್ಕೋರೇ?" ಎಂದರೆ, "ಎಂತದಲ್ಲ, ಏನು ಅನ್ನು. ಬಾಯಿ ತುಂಬ ಮಾತಾಡಾಕ ಏನಾತು ನಿಮಗ?" ಎಂದು ರೇಗಿಸುತ್ತಿದ್ದರು.

ಕೂ ಎಂದರೆ ಹಾಡೂ ಅಲ್ಲ, ಆಟವೂ ಅಲ್ಲ. ಹಂದಿ ಹೊಡೆಯಲು ಪೊದೆಯ ಹಿಂದೆ ಯಾರಾದರೂ ಕೋವಿ ಹಿಡಿದು ಕೂತಿದ್ದರೆ, ಬರುತ್ತಿರುವುದು ಹಂದಿಯಲ್ಲ, ಮನುಷ್ಯ ಎಂದು ಅವನಿಗೆ ಗೊತ್ತಾಗಲಿ ಅಂತ. ಸಂಜೆ ಮಕ್ಕಳನ್ನು ಬಿಡುವ ಮೊದಲು ಅಕ್ಕೋರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೂ ಹಾಕಿಸುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು, "ಇದು ಯಾವ ಪಾಠದಲ್ಲಿದೆ ಮೇಡಂ?" ಎಂದು ನಕ್ಕರು. ಅಕ್ಕೋರು ನಗಲಿಲ್ಲ. "ಮಗ್ಗಿ ತಪ್ಪಿದ್ರ ನಾಳಿ ತಿದ್ದಬೌದ್ರಿ ಸರ. ಇದು ತಪ್ಪಿದ್ರ ಯಾರು ತಿದ್ದಾರು?" ಸಾಹೇಬರು ಚಹಾ ಕುಡಿದು ಹೋದರು.

ಅಕ್ಕೋರಿಗೆ ಮದುವೆಯಾಗಿರಲಿಲ್ಲ. ಅಪ್ಪ ಅವ್ವ ಹೋದಮೇಲೆ ತಮ್ಮನನ್ನು ಸಾಕಿ ಓದಿಸಿದವರು ಅವರೇ. ಓದು ಮುಗಿಸಿದ ಹುಡುಗ ಅಕ್ಕನ ಮನೆಗೆಂದು ನಮ್ಮೂರಿಗೆ ಬಂದಿದ್ದ. ಮುಸ್ಸಂಜೆ ಹಳ್ಳದ ಕಡೆ ತಿರುಗಾಡಲು ಹೋದ. ಬಯಲಿನ ಹುಡುಗ, ಕೂ ಹಾಕಬೇಕೆಂದು ಅವನಿಗೇನು ಗೊತ್ತು? ಪೊದೆ ಅಲುಗಾಡಿತು, ಗುಂಡು ಹಾರಿತು. ಸಿದ್ದಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹುಡುಗ ಹೋಗಿಬಿಟ್ಟ.

ಪೊಲೀಸರು ಬಂದರು. ಊರೇ ಬಂತು. ಅಕ್ಕೋರಿಗೆ ಗಂಜಿ ಕುಡಿಸಿದರು, ಜೊತೆಗೆ ಮಲಗಿದರು, ಅತ್ತರು. ಆದರೆ ಸದ್ದು ಕೇಳಿದವರೆಲ್ಲ ಇದ್ದರೂ ಕೋವಿ ಕಂಡವರು ಒಬ್ಬರೂ ಇಲ್ಲ! ಎಲ್ಲಿಂದ ಕಾಣಬೇಕು? ಅದು ಲೈಸೆನ್ಸ್ ಇಲ್ಲದ ಕೋವಿ, ಕಂಬಳಿಯಲ್ಲಿ ಸುತ್ತಿಕೊಂಡು ಹೋಗಿತ್ತು, ಕಂಬಳಿಯಲ್ಲೇ ಮನೆಗೆ ಬಂತು. ಯಾರದೆಂದು ಊರಿಗೆಲ್ಲ ಗೊತ್ತು. ಅಕ್ಕೋರಿಗೂ ಗೊತ್ತು. ಗುಂಡು ಹಾರಿಸಿದವನ ಮಗಳು ನಾಲ್ಕನೇ ಇಯತ್ತೆಯಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಅವಳ ಜಡೆ ಬಿಚ್ಚಿಹೋದರೆ ಹೆಣೆದು ಕೊಡುತ್ತಿದ್ದವರು ಇದೇ ಅಕ್ಕೋರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ, "ಹೇಗೆ ತಡಕೊಳ್ತೀರಿ ಅಕ್ಕೋರೇ?"

"ಆ ಕೂಸು ಏನು ಮಾಡೈತಿ ತಂಗಿ?" ಎಂದರು. ಸ್ವಲ್ಪ ದೂರ ನಡೆದಮೇಲೆ, "ಊಟಕ್ಕ ಏನು ಮಾಡ್ಲಿ ಅಂತ ತಮ್ಮನ್ನ ಕೇಳಿದ್ನಿ. ಹಾಸಿಗಿ ಸಾಕಾ ಅಂತ ಕೇಳಿದ್ನಿ. ಇದೊಂದು ಹೇಳಲಿಲ್ಲ ನೋಡು, ಇಲ್ಲಿ ಕೂ ಹಾಕಬೇಕು ಅಂತ" ಎಂದರು.

ಚುನಾವಣೆ ಬಂತು. ಬಂತೆಂದರೆ ಲೈಸೆನ್ಸ್ ಇದ್ದ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ. ನಮ್ಮ ಮನೆಯಲ್ಲೂ ಕೋವಿ ಇದೆ, ನಾನೇನು ಮೇಲಿನಿಂದ ಇಳಿದು ಬಂದವಳಲ್ಲ. ಒಂದೇ ರಾತ್ರಿಯಲ್ಲಿ ಹಂದಿ ಉತ್ತು ಹಾಕಿದ ಗದ್ದೆಯನ್ನು ಕಂಡಿದ್ದೇನೆ. ಮಂಗ ಬಿಟ್ಟುಹೋದ ಬಾಳೆಗೊನೆಯನ್ನೂ ಕಂಡಿದ್ದೇನೆ. ಆ ವರ್ಷ ಸೊಸೈಟಿಯ ಕಟ್ಟಡದಲ್ಲಿ ಸಭೆ ಸೇರಿತು. ಕೋವಿಯನ್ನು ಠಾಣೆಯಲ್ಲಿಡುವ ನಿಯಮದಿಂದ ರೈತರಿಗೆ ವಿನಾಯಿತಿ ಬೇಕು, ಹೊಸ ಲೈಸೆನ್ಸ್ ಸಲೀಸಾಗಿ ಸಿಗಬೇಕು ಎಂದು ಸರ್ಕಾರಕ್ಕೆ ಮನವಿ. ಒಂದು ಪಕ್ಷದ ಮುಖಂಡರು ಬಂದು ಗುಡುಗಿದರು, ಇನ್ನೊಂದು ಪಕ್ಷದವರು ಅವರಿಗಿಂತ ಜೋರಾಗಿ ಗುಡುಗಿದರು. ನಮ್ಮ ಮಾವಯ್ಯನೂ ಎದ್ದು, "ಕೊಡಗಿನವಕ್ಕೆ ವಿನಾಯಿತಿ ಇದ್ದು, ನಂಗಕ್ಕೆ ಎಂತಕ್ಕೆ ಇಲ್ಲೆ?" ಎಂದರು. ಚಪ್ಪಾಳೆಯೋ ಚಪ್ಪಾಳೆ.

ಆಗ ಹಿಂದಿನ ಬೆಂಚಿನಿಂದ ಅಕ್ಕೋರು ಎದ್ದರು.

"ಕೋವಿ ಬ್ಯಾಡ ಅನ್ನಾಕ ಬಂದಿಲ್ರಿ ನಾನು. ಕೊಡಸ್ಕೋರಿ. ಬೆಳಿ ಉಳಿಸ್ಕೋರಿ. ಒಂದ ಒಂದು ಮಾತು ಅದರಾಗ ಸೇರಸ್ರಿ. ಕೋವಿ ಒಯ್ಯಾವ್ರು ಹೆಗಲ ಮ್ಯಾಲೆ ಕಾಣೂಹಂಗ ಒಯ್ಯಬೇಕು, ಮುಚ್ಚಿ ಒಯ್ಯಬಾರದು ಅಂತ. ಕಂಬಳ್ಯಾಗಿನ ಕೋವಿಗೆ ಯಾರೂ ಜವಾಬ್ದಾರಿಲ್ಲ. ನನ್ನ ತಮ್ಮ ಹೋದಾಗ ನೀವ ನೋಡೀರಿ."

ಯಾರೋ ಒಬ್ಬರು, "ಕಾಣಿಸ್ಕ್ಯಂಡು ಹೋದ್ರೆ ಫಾರೆಸ್ಟಿನವ್ವು ಹಿಡಿತ್ವಿಲ್ಯಾ ಅಕ್ಕೋರೇ?" ಎಂದರು. ನಾಲ್ಕಾರು ಜನ ನಕ್ಕರು. ಮೂಲೆಯಲ್ಲಿ ಕೂತಿದ್ದ ಆ ಹುಡುಗಿಯ ಅಪ್ಪ ನಗಲಿಲ್ಲ, ನೆಲ ನೋಡುತ್ತಿದ್ದ. ಮುಖಂಡರು ಮೈಕು ಹಿಡಿದು, "ಅಕ್ಕೋರ ಸಲಹೆ ನಮ್ಮ ಗಮನದಲ್ಲಿದೆ" ಎಂದರು. ಗಮನವಂತೆ! ನಾನು ಕೂತಲ್ಲಿಂದಲೇ, "ಗಮನ ಬೇಡ, ಬರೆದುಕೊಳ್ಳಿ" ಎಂದು ಕೂಗಿದೆ. ಮಾವಯ್ಯ ತಿರುಗಿ ನೋಡಿದ ನೋಟಕ್ಕೆ ಬೇರೆ ಸೊಸೆಯಾಗಿದ್ದರೆ ಎದ್ದು ಹೋಗುತ್ತಿದ್ದಳು. ಆ ಸಾಲು ಇಲ್ಲದೆಯೇ ಮನವಿಗೆ ಸಹಿ ಬಿತ್ತು.

ಮನೆಗೆ ಬಂದಮೇಲೆ ಮಾವಯ್ಯನೇ ಮಾತು ತೆಗೆದರು. ಬೈಯಲಿಲ್ಲ. "ಅಕ್ಕೋರ ಸಂಕಟ ಎನಗೆ ತಿಳಿತಿಲ್ಯ ತಂಗಿ? ಆ ಸಾಲು ಸೇರ್ಸಿರೆ ಅರ್ಧ ಊರು ಸಹಿ ಹಾಕ್ತಿತ್ತಿಲ್ಲೆ. ಅಷ್ಟೇಯ." ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕಾಡುದಾರಿಯ ತಿರುವಿನಲ್ಲಿ ನಾನು ಎಂದಿನಂತೆ ನಿಂತೆ. ಅಕ್ಕೋರು ನಿಲ್ಲಲಿಲ್ಲ, ಕೂಗಲೂ ಇಲ್ಲ.

"ಅಕ್ಕೋರೇ, ಕೂ?"

"ಕೋವಿ ಇದ್ದವ್ರು ಕೂಗ್ಲಿ. ನಾವ್ಯಾಕ ಕೂಗೂದು ಇನ್ನ?"

ನಾನೇ ಕೂ ಹಾಕಿದೆ. ನನ್ನದು ಹೆದರಿದ ಕೂಗು, ಹತ್ತು ಮಾರು ಹೋಗಲಿಲ್ಲ. ಅಂದಿನಿಂದ ಅವರು ಸುಮ್ಮನೆ ನಡೆದರು, ನಾನು ಅವರ ಪಾಲಿನದನ್ನೂ ಕೂಗಿದೆ. ಸಂಜೆ ಮಕ್ಕಳಿಂದ ಹಾಕಿಸುವುದನ್ನು ಮಾತ್ರ ಬಿಡಲಿಲ್ಲ. "ಮಕ್ಕಳು ಬದುಕಬೇಕಲ್ಲ" ಎಂದರು. ತಾವು ಬದುಕುವ ಲೆಕ್ಕ ಅವರು ಬಿಟ್ಟೇಬಿಟ್ಟಿದ್ದರು.

ಗೆದ್ದವರು ಗೆದ್ದರು. ಮನವಿ ಪರಿಶೀಲನೆಯಲ್ಲಿದೆ ಎಂದರು, ಈಗಲೂ ಅದೇ ಹೇಳುತ್ತಾರೆ. ಮರುವರ್ಷದ ಪಂಚಾಯಿತಿ ಚುನಾವಣೆಗೂ ಲೈಸೆನ್ಸ್ ಕೋವಿಗಳು ಬಸ್ಸು ಹತ್ತಿ ಠಾಣೆಗೆ ಹೋದವು. ಕಂಬಳಿಯಲ್ಲಿದ್ದವು ಎಲ್ಲಿಗೂ ಹೋಗಲಿಲ್ಲ. ಊರು ಕೇಳಿದ್ದೂ ಸಿಗಲಿಲ್ಲ, ಅಕ್ಕೋರು ಕೇಳಿದ್ದೂ ಸಿಗಲಿಲ್ಲ.

ಒಂದು ಬೆಳಿಗ್ಗೆ ಶಾಲೆಗೆ ಹೊರಟವಳು ಅಕ್ಕೋರ ಬಾಗಿಲು ಬಡಿದೆ, ತೆಗೆಯಲಿಲ್ಲ. ಮಲಗಿದಲ್ಲೇ ಹೃದಯ ನಿಂತಿತ್ತು. ಬನವಾಸಿ ಕಡೆಯ ಊರಿಗೆ ಒಯ್ಯಲು ಗಾಡಿ ತರಿಸಿದರು. ಗಾಡಿ ಟಾರು ರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಯತನಕ ಅದೇ ಕಾಡುದಾರಿಯಲ್ಲಿ ಹೊತ್ತರು. ಮುಂದೆ ನಾನು, ನನ್ನ ಜೊತೆ ಶಾಲೆಯ ಮಕ್ಕಳು. ತಿರುವಿಗೆ ಬಂದಾಗ ಯಾರೂ ಹೇಳದೆಯೇ ಮಕ್ಕಳು ನಿಂತು, ಬಾಯಿಗೆ ಕೈ ಹಿಡಿದು ಒಟ್ಟಿಗೆ ಕೂ ಹಾಕಿದವು.

ಪೊದೆಯ ಹಿಂದಿನಿಂದ ಮರುಕೂಗು ಬಂತು. ಹಿಂದೆಯೇ ಒಬ್ಬ ಎದ್ದು ಬಂದು ದಾರಿ ಬಿಟ್ಟು ನಿಂತ. ಅದೇ ಹುಡುಗಿಯ ಅಪ್ಪ. ಹೆಣ ಕಂಡು ತಲೆಗೆ ಸುತ್ತಿದ ಪಂಚೆ ತೆಗೆದ, ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು, ಇಲ್ಲ ಎನ್ನಲಾರೆ. ಕಂಕುಳಲ್ಲಿ ಉದ್ದಕ್ಕೆ ಸುತ್ತಿದ ಕಂಬಳಿ. ಕೈ ಮುಗಿಯುವಾಗಲೂ ಅದು ಜಾರದ ಹಾಗೆ ಒತ್ತಿ ಹಿಡಿದಿದ್ದ.

ಮಗಳು ನನ್ನ ಪಕ್ಕದಲ್ಲೇ ಇದ್ದಳು. ಬಾಯಿಗೆ ಹಿಡಿದ ಕೈ ಇನ್ನೂ ಇಳಿಸಿರಲಿಲ್ಲ. ಅಪ್ಪನ ಕಂಕುಳು ನೋಡಿದಳು, ನನ್ನ ಮುಖ ನೋಡಿದಳು. ಅಕ್ಕೋರು ಇದ್ದಿದ್ದರೆ ಅವಳಿಗೆ ಏನಾದರೂ ಹೇಳುತ್ತಿದ್ದರು.

"ನಡೆ ಕೂಸೆ" ಎಂದೆ.